ಎರಡೇ ಮಾತು ಹೇಳಿ ಮುಗಿಸುತ್ತೇನೆ

ಕಾರ್ಯಕ್ರಮ ಶುರುವಾಗಿ ಒಂದೂಮುಕ್ಕಾಲು ಗಂಟೆಯಾಗಿತ್ತು. ಗಿಟಾರಿಗೆ ಇನ್ನೂ ಯಾರೂ ಕೈ ಹಚ್ಚಿರಲಿಲ್ಲ.

ಅದು ಗಿಟಾರಿನ ಕಾರ್ಯಕ್ರಮವೇ ಆಗಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಇದು ನಡೆದದ್ದು ವಿಜಯವಾಡದಲ್ಲಿ, ನಾವು ಒಂದಷ್ಟು ಕನ್ನಡ ಮನೆಯವರು ಸೇರಿ ಕಟ್ಟಿಕೊಂಡ ಬಳಗದ ಹಾಲ್‌ನಲ್ಲಿ. ಹತ್ತೊಂಬತ್ತು ವರ್ಷದಿಂದ ಆ ಬಳಗಕ್ಕೆ ನಾನೇ ಕಾರ್ಯದರ್ಶಿ. (ಬೇರೆ ಯಾರೂ ಮುಂದೆ ಬರುವುದಿಲ್ಲ ಎಂದು ಎಲ್ಲರ ಹತ್ತಿರವೂ ಹೇಳುತ್ತಿದ್ದೆ. ಯಾರಾದರೂ ಬಂದರೆ ಕಾಫಿ ಉಸ್ತುವಾರಿ ಕೊಟ್ಟು ಹಿಂದಕ್ಕೆ ಕಳಿಸುತ್ತಿದ್ದೆ ಎಂಬುದನ್ನು ನಿಮ್ಮ ಹತ್ತಿರ ಮಾತ್ರ ಹೇಳುತ್ತಿದ್ದೇನೆ.)

ನನ್ನ ಮಗಳ ಮಗಳು ಸಿರಿಗೆ ಒಂದು ಬ್ಯಾಂಡ್ ಇದೆ. ನಾಲ್ಕು ಜನ. ಸಿನಿಮಾ ಹಾಡು ಹಾಡುವುದಿಲ್ಲ. ತಾವೇ ಬರೆದು, ತಾವೇ ರಾಗ ಹಾಕಿ, ಹೆಚ್ಚಾಗಿ ತೆಲುಗಿನಲ್ಲಿ, ಒಂದೆರಡು ಕನ್ನಡದಲ್ಲಿ ಹಾಡುತ್ತಾರೆ. ಪ್ರ್ಯಾಕ್ಟೀಸು ಆಟೋನಗರ್‌ನಲ್ಲಿ, ಲಾರಿ ಬಾಡಿ ಕಟ್ಟುವ ಒಂದು ಶೆಡ್ಡಿನಲ್ಲಿ. ಭಾನುವಾರ ಅಲ್ಲಿ ವೆಲ್ಡಿಂಗ್ ಕೆಲಸಕ್ಕೆ ರಜೆ. (ಮೊದಲ ಸಲ ಹೊರಗೆ ನಿಂತು ಕೇಳಿದಾಗ ರಜೆ ಎಂಬುದನ್ನು ನಾನು ನಂಬಲಿಲ್ಲ.) ಶೋ ಎಂದರೆ ಯಾವುದೋ ಕೆಫೆಯ ಮಹಡಿ, ಮೂವತ್ತು ಜನ, ಕುರ್ಚಿಯಿಲ್ಲ.

"ಹೋಟೆಲ್ ಮಹಡಿ ಮೇಲೆ ಯಾಕಮ್ಮಾ ಹಾಡ್ತೀಯ? ನಮ್ಮ ಹಾಲ್ ಇದೆ, ಸ್ಟೇಜ್ ಇದೆ, ಪರದೆ ಇದೆ" ಎಂದು ಅವಳನ್ನು ಕರೆದವನು ನಾನೇ.

ಸಿರಿ ಒಪ್ಪಿದ್ದಕ್ಕೆ ಕಾರಣ ಹರ್ಷ. ವಿಶಾಖಪಟ್ಟಣದಲ್ಲಿ ಬೀಚಿನ ಹತ್ತಿರ ಹಾಡುವವರಿಗೆಂದೇ ಒಂದು ಸಣ್ಣ ಜಾಗ ನಡೆಸುವ ಹುಡುಗ. ಅಲ್ಲಿ ಒಮ್ಮೆ ಹಾಡಿದರೆ ಬೇರೆ ಊರುಗಳಿಂದಲೂ ಕರೆ ಬರುತ್ತದಂತೆ. ಸಿರಿ ಒಂದು ವರ್ಷ ಮೆಸೇಜ್ ಮೇಲೆ ಮೆಸೇಜ್ ಹಾಕಿ, ಒಂದು ಸಲ ಬಂದು ಕೇಳಲು ಅವನನ್ನು ಒಪ್ಪಿಸಿದ್ದಳು. ಐದು ಗಂಟೆಗೆ ಶೋ. ಎಂಟೂ ಹತ್ತಕ್ಕೆ ಅವನ ರೈಲು. ಏಳು ಹಾಡು. ಎಲ್ಲವೂ ಸರಿಯಾಗಿಯೇ ಇತ್ತು, ನಾನು ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸುವವರೆಗೆ.

ಆ ಪತ್ರಿಕೆಯಲ್ಲಿ ಹದಿನಾಲ್ಕು ಹೆಸರಿದ್ದವು. ಹಾಡುವ ನಾಲ್ವರದು ಕೊನೆಯಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ.

ವೇದಿಕೆಗೆ ಏಳು ಕುರ್ಚಿ ಬೇಕಲ್ಲ? ಡ್ರಮ್ಮುಗಳನ್ನು ಹೂಕುಂಡದ ಹಿಂದಕ್ಕೆ ತಳ್ಳಿಸಿದೆ. ಫ್ಯಾನಿನ ಗಾಳಿಗೆ ದೀಪ ಹತ್ತಲಿಲ್ಲ. ಫ್ಯಾನ್ ಆಫ್ ಮಾಡಿದೆವು. ದೀಪ ಹತ್ತಿತು, ಜನ ಬೆಂದರು. ಪ್ರಾರ್ಥನೆಗೆ ಬಂದ ಹೆಂಗಸು ಎಲ್ಲ ಚರಣಗಳನ್ನೂ ಹಾಡಿದರು, ಒಂದನ್ನು ಎರಡು ಸಲ. ಮುಖ್ಯ ಅತಿಥಿ ನಿವೃತ್ತ ಬ್ಯಾಂಕ್ ಅಧಿಕಾರಿ. "ನನಗೆ ಸಂಗೀತದ ಗಂಧವೇ ಇಲ್ಲ" ಎಂದು ಶುರು ಮಾಡಿ, ಇಪ್ಪತ್ತೈದು ನಿಮಿಷ ಅದನ್ನೇ ಸಾಬೀತು ಮಾಡಿದರು. ಆಮೇಲೆ ಸನ್ಮಾನ. ಡ್ರಮ್ ಬಾರಿಸುವ ಹುಡುಗನ ತಲೆಗೂ ಮೈಸೂರು ಪೇಟ. ಫೋಟೋದವನು ಫೋನಿನಲ್ಲಿದ್ದ, ಹಾಗಾಗಿ ಹಾಕಿದ ಹಾರ ತೆಗೆದು ಮತ್ತೆ ಹಾಕಿದೆವು.

ಸಿರಿ ವೇದಿಕೆಯ ಹಿಂದಿನಿಂದ ಬಂದು ನನ್ನ ಕಿವಿಯಲ್ಲಿ ಹೇಳಿದಳು. "ತಾತಾ, ಪ್ಲೀಸ್. ಹರ್ಷಗಾರು ಏಳೂವರೆಗೆ ಹೊರಡಬೇಕು ಕದಾ! ಇನ್ನು ಸಾಕು."

"ಇರಮ್ಮಾ, ಪದ್ಧತಿ ಅಂತ ಒಂದಿರುತ್ತೆ."

ಹೀಗೆಂದು ಮೈಕ್ ಹಿಡಿದೆ. "ಎರಡೇ ಮಾತು ಹೇಳಿ ಮುಗಿಸುತ್ತೇನೆ" ಎಂದೆ.

ಮೂವತ್ತೈದು ನಿಮಿಷ ಮಾತಾಡಿದೆ.

ಸಮಯ ಗೊತ್ತಾಗಲಿಲ್ಲ ಎಂದು ಆಮೇಲೆ ಎಲ್ಲರಿಗೂ ಹೇಳಿದೆ. ಸುಳ್ಳು. ಬಾಗಿಲ ಹತ್ತಿರ ಹರ್ಷ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ವಾಚು ನೋಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಎರಡು ಸಲ. ಆದರೂ ನಿಲ್ಲಿಸಲಿಲ್ಲ. ಯಾಕೆ? ನಾನು ಓದಿದ್ದು ಎಸ್ಸೆಸ್ಸೆಲ್ಸಿ. ತುಮಕೂರಿನಿಂದ ಬಂದು ನಲವತ್ತು ವರ್ಷ ನಟ್ಟು, ಬೋಲ್ಟು, ಬೇರಿಂಗ್ ಮಾರಿದೆ. ಬೇರಿಂಗ್ ಕೊಳ್ಳಲು ಬಂದವನು ನನ್ನ ಅಭಿಪ್ರಾಯ ಕೇಳುತ್ತಾನೆಯೇ? ಮನೆಯಲ್ಲಿ ಹೆಂಡತಿ, ಮಗಳು ತೆಲುಗಿನಲ್ಲಿ ಓಡುತ್ತಾರೆ, ನಾನು ಕನ್ನಡದಲ್ಲಿ ಹಿಂದೆ ಹಿಂದೆ ಕುಂಟುತ್ತೇನೆ. ಈ ಭೂಮಿಯ ಮೇಲೆ ನನ್ನ ಮಾತಿಗೆ ಅಡ್ಡ ಬರದೆ ಇದ್ದದ್ದು ಆ ಮೈಕ್ ಒಂದೇ.

ಹರ್ಷ ಕೇಳಿದ್ದು ಒಂದೂವರೆ ಹಾಡು. ಬಾಗಿಲಲ್ಲಿ ನಿಂತೇ ಕೇಳಿದ. ಎರಡನೆಯದರ ನಡುವೆ ಕೈ ಮುಗಿದು ಹೊರಟುಹೋದ. ಮೂರನೆಯದಕ್ಕೆ ಯಾರೋ ಕಾಫಿ ಬಂತು ಎಂದರು, ಹಾಲ್ ಖಾಲಿಯಾಯಿತು. (ಕಾಫಿಗೆ ಮೊದಲು ಎದ್ದವರು ಮುಖ್ಯ ಅತಿಥಿ.)

ವೈರ್ ಸುತ್ತುತ್ತಾ ಸಿರಿ ಹೇಳಿದ್ದು ಇಷ್ಟೇ: "ತಾತಾ, ನಿಮ್ಮ ಸ್ಪೀಚ್ ಚೆನ್ನಾಗಿತ್ತು."

ಬೈದಿದ್ದರೆ ಊಟ ಸೇರುತ್ತಿತ್ತು.

ವಿಶಾಖಪಟ್ಟಣಕ್ಕೆ ಬೇರೆ ಬ್ಯಾಂಡಿಗೆ ಕರೆ ಹೋಯಿತು. ಮನೆಯಲ್ಲಿ ಯಾರಿಗೂ ಹೇಳದೆ ನಾನು ಆ ಶೋಗೆ ಹೋದೆ, ಹರ್ಷನ ಹತ್ತಿರ ತಪ್ಪೊಪ್ಪಿಕೊಳ್ಳಲು. ರೈಲು ಅನಕಾಪಲ್ಲಿ ದಾಟುವಾಗ ಬ್ಯಾಗಿನಲ್ಲಿ ನೀರಿನ ಬಾಟಲಿ ಹುಡುಕಿದರೆ ಕೈಗೆ ಶಾಲು ಸಿಕ್ಕಿತು. ಶಾಲು, ಗಂಧದ ಹಾರ. ತಪ್ಪೊಪ್ಪಿಕೊಳ್ಳಲು ಹೊರಟವನು ಸನ್ಮಾನದ ಸಾಮಾನು ತುಂಬಿಕೊಂಡಿದ್ದೆ! ನನ್ನ ಕಾಯಿಲೆ ಎಷ್ಟು ಹಳೆಯದು ನೋಡಿ.

ಅಲ್ಲಿ ಸ್ಟೇಜೇ ಇಲ್ಲ. ನೆಲಕ್ಕೊಂದು ಜಮಖಾನೆ. ನಾನು ಅಭ್ಯಾಸದಂತೆ ಮುಂದಿನ ಸಾಲು ಹುಡುಕಿದೆ. ಸಾಲೇ ಇರಲಿಲ್ಲ. ಐವತ್ತು ಜನ, ಓದಲಾಗದ ಅಕ್ಷರದ ಟೀ ಶರ್ಟುಗಳು, ಉಪ್ಪಿನಕಾಯಿ ಜಾಡಿಯಂಥ ಲೋಟದಲ್ಲಿ ತಣ್ಣನೆಯ ಕಾಫಿ. (ಕಾಫಿ ಆರಿದೆ ಎಂದು ನಾನು ಹೇಳಿದ್ದಕ್ಕೆ ತಂದುಕೊಟ್ಟ ಹುಡುಗಿ ನಕ್ಕಳು.) ಆರು ಗಂಟೆಗೆ ಒಬ್ಬ ಹುಡುಗ ಗಿಟಾರಿಗೆ ವೈರ್ ಚುಚ್ಚಿ, "ಹಾಯ್" ಎಂದು ಹಾಡತೊಡಗಿದ. ಸ್ವಾಗತ ಭಾಷಣ ಮುಗಿಯಿತು!

ಅರ್ಧ ಹಾಡು ಅರ್ಥವಾಗಲಿಲ್ಲ. ಮಧ್ಯೆ ತಂತಿ ಕಡಿಯಿತು. ಅವನು ಬದಲಾಯಿಸುವವರೆಗೆ ಐವತ್ತು ಜನ ಸುಮ್ಮನೆ ಕಾದರು. ಯಾರೂ ಮೈಕ್ ಹಿಡಿದು "ಈ ಸಂದರ್ಭದಲ್ಲಿ" ಎನ್ನಲಿಲ್ಲ. ನನಗೆ ನಾಲಿಗೆ ತುರಿಸಿತು.

ಎರಡು ಗಂಟೆ ನಿಂತೇ ಇದ್ದೆ. ನೀವು ಯಾರು ಎಂದು ಯಾರೂ ಕೇಳಲಿಲ್ಲ. ಮೊದಲ ಒಂದು ಗಂಟೆ ಅದು ಮಂಡಿಗಿಂತ ಹೆಚ್ಚು ನೋಯಿತು.

ಮುಗಿದ ಮೇಲೆ ಹರ್ಷನೇ ಗುರುತು ಹಿಡಿದ. "ಸೆಕ್ರೆಟರಿಗಾರು ಅಲ್ವಾ! ನಿಮ್ಮ ಸ್ಪೀಚ್ ನೆನಪಿದೆ ಅಂಡಿ, ಪೂರ್ತಿ ನೆನಪಿದೆ" ಎಂದ ತೆಲುಗಿನಲ್ಲಿ. "ಹಾಡು ಒಂದೇ ನೆನಪಿದೆ. ಚೆನ್ನಾಗಿತ್ತು. ಒಂದು ಹಾಡು ಕೇಳಿ ಹೇಗೆ ಕರೆಯಲಿ, ನೀವೇ ಹೇಳಿ."

"ತಪ್ಪು ನನ್ನದು ಬಾಬು, ಮಕ್ಕಳದಲ್ಲ. ಇನ್ನೊಂದು ಸಲ ಕೇಳು" ಎಂದೆ. ಬದುಕಿನಲ್ಲಿ ನಾನು ಮಾಡಿದ ಅತಿ ಚಿಕ್ಕ ಭಾಷಣ ಅದು. ಮುಂದಿನ ತಿಂಗಳು ಎರಡನೇ ಭಾನುವಾರ ಕೆಲಸದ ಮೇಲೆ ವಿಜಯವಾಡಕ್ಕೆ ಬರುತ್ತೇನೆ, ಸಂಜೆ ಐದಕ್ಕೆ ಆಟೋನಗರ್ ಶೆಡ್ಡಿಗೇ ಬಂದು ಕೇಳುತ್ತೇನೆ ಎಂದ. ಶಾಲು ಬ್ಯಾಗಿನಲ್ಲೇ ಉಳಿಯಿತು.

ಊರಿಗೆ ಬಂದವನೇ ಕಾರ್ಯದರ್ಶಿ ಹುದ್ದೆಗೆ ರಾಜೀನಾಮೆ ಕೊಟ್ಟೆ. ನಮ್ಮವರು ಬಿಡುತ್ತಾರೆಯೇ? ಬೀಳ್ಕೊಡುಗೆ ಸಮಾರಂಭ ಇಟ್ಟರು. ಯಾವತ್ತು? ಅದೇ ಎರಡನೇ ಭಾನುವಾರ. ಸಂಜೆ ಐದಕ್ಕೆ.

ದಿನ ಬದಲಾಯಿಸಿ ಎಂದು ಖಜಾಂಚಿ ರಾಮಚಂದ್ರಯ್ಯನನ್ನು ಬೇಡಿಕೊಂಡೆ.

"ಕಾರ್ಡ್ ಪ್ರಿಂಟ್ ಆಗೋಗಿದೆ ಕಣಯ್ಯಾ. ಎಂಟು ಜನ ಮಾತಾಡೋಕೆ ಒಪ್ಪಿದಾರೆ. ನೀನೊಬ್ಬ ಬಂದ್ರೆ ಆಯ್ತು."

ಎಂಟು ಜನ! ನನ್ನ ಬಗ್ಗೆ! ಕೊನೆಗೆ ನಾನೇ ಉತ್ತರಿಸಬೇಕು, ಅದಕ್ಕೆ ಸಮಯದ ಮಿತಿಯೂ ಇಲ್ಲ. ನನಗೆ ಆಸೆಯಾಗಲಿಲ್ಲ ಎಂದರೆ ನೀವು ನಂಬಬಾರದು. ಆ ಭಾನುವಾರ ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡೇ ಮನೆ ಬಿಟ್ಟೆ. ಆಟೋ ಹತ್ತಿದ ಮೇಲೂ ಎಲ್ಲಿಗೆಂದು ಹೇಳಲು ಬಾಯಿ ಬರಲಿಲ್ಲ. ಡ್ರೈವರ್ ಎರಡು ಸಲ ಕೇಳಿದ.

ಶೆಡ್ಡಿನಲ್ಲಿ ಸಿರಿ ನನ್ನ ಜುಬ್ಬಾ ನೋಡಿ ಬೆಚ್ಚಿದಳು. "ತಾತಾ, ಇವತ್ತು ನಿಮಗೆ ಸನ್ಮಾನ ಇದೆ ಕದಾ?"

"ಇದೆ. ಅವರು ಮಾಡ್ಕೋತಾರೆ. ನೀನು ಶುರು ಮಾಡು."

ಹರ್ಷ ಲಾರಿ ಟೈರಿನ ಮೇಲೆ ಕೂತು ಏಳೂ ಹಾಡು ಕೇಳಿದ. ಆರನೆಯದು ಕನ್ನಡದ್ದು. ಬೋಲ್ಟಿನ ಅಂಗಡಿಯಲ್ಲಿ ಇಡೀ ದಿನ ಮಾತಿಲ್ಲದೆ ಕೂತಿರುವ ಒಬ್ಬ ಮುದುಕನ ಬಗ್ಗೆ. ಹಾಲ್‌ನಲ್ಲಿಯೂ ಅದು ಆರನೆಯದೇ ಆಗಬೇಕಿತ್ತಂತೆ. ಅವತ್ತು ನಾನು ಅಲ್ಲಿಯವರೆಗೆ ಬರಲು ಬಿಟ್ಟಿರಲೇ ಇಲ್ಲ.

ಏಳೂ ಹಾಡು ಮುಗಿದ ಮೇಲೆ ಹರ್ಷ ಫೋನ್ ತೆಗೆದು ಸಿರಿಯೊಂದಿಗೆ ತಾರೀಖು ನೋಡತೊಡಗಿದ. ಅವಳು ತಿರುಗಿ, "ತಾತಾ, ಎರಡು ಮಾತು?" ಎಂದು ಮೈಕ್ ಚಾಚಿದಳು. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ಹಿಡಿದು ಜೇಬಿಗೆ ಹಾಕಿಕೊಂಡೆ, ಕೈಯನ್ನು.

ಮನೆಗೆ ಬಂದು ರಾಮಚಂದ್ರಯ್ಯನಿಗೆ ಫೋನ್ ಮಾಡಿದೆ, ಸಮಾರಂಭ ಕೆಟ್ಟಿತೇನೋ ಎಂದು.

"ಕೆಡೋದ್ಯಾಕೆ? ಜೋರಾಗಾಯ್ತು. ಎಂಟು ಜನಾನೂ ಮಾತಾಡಿದ್ರು. ಶಾಲು ನಿನ್ನ ಕುರ್ಚಿಗೆ ಹೊದಿಸಿ ಫೋಟೋ ತೆಗೆಸಿದ್ವಿ."

ಹತ್ತೊಂಬತ್ತು ವರ್ಷ ಅವರು ಶಾಲು ಹೊದಿಸುತ್ತಾ ಬಂದದ್ದು ಯಾರಿಗೆ ಎಂದು ಈಗಲಾದರೂ ನನಗೆ ಗೊತ್ತಾಗಬೇಡವೇ?