ಸೇಂಟ್ ಜಾನ್ಸ್ ದ್ವೀಪಕ್ಕೆ, ತಂಗಿಯ ಜೊತೆ

ಶುಕ್ರವಾರ ಆಫೀಸಿಗೆ ರಜೆ ಹಾಕಿ ಯಿಶುನ್‌ನಲ್ಲಿ ಎಂಆರ್‌ಟಿ ರೈಲು ಹತ್ತಿದೆವು, ನಾನು ಮತ್ತು ಫಿಂಟನ್. ಅವನ ಪ್ರಕಾರ ನಾವು ಮೂವರು. ನನ್ನ ತಂಗಿ ಸುಮಾ ಸತ್ತು ಆಗ ಐದು ತಿಂಗಳು. ಅವಳು ನನ್ನ ಪಕ್ಕದಲ್ಲೇ ಕೂತಿದ್ದಾಳೆ ಎಂದು ಅವನು ಹೇಳಿದ್ದರಿಂದ, ಆ ಸೀಟಿಗೆ ಬಂದ ಅಂಕಲ್ ಒಬ್ಬರನ್ನು ತಡೆದೆ. ಅವರು ಗೊಣಗಿಕೊಂಡು ನಿಂತೇ ಬಂದರು.

ಫಿಂಟನ್ ಐರ್ಲೆಂಡಿನ ಒಂದು ಪುಟ್ಟ ದ್ವೀಪದವನು. ಉಬಿಯಲ್ಲಿ ನಮ್ಮ ಆಫೀಸಿನ ಕೆಳಗೆ ಬೋಟ್ ಎಂಜಿನ್ ರಿಪೇರಿ ಮಾಡುತ್ತಾನೆ. ಸತ್ತವರು ಅವನಿಗೆ ಕಾಣುತ್ತಾರೆ. ಅವರು ಹೇಳಿದ್ದನ್ನು ಇದ್ದಹಾಗೇ ಹೇಳಿಬಿಡುವುದು ಅವನ ರೋಗ. ತನ್ನೂರಿನ ವಿಧವೆಯೊಬ್ಬಳಿಗೆ, "ನಿನ್ನ ಗಂಡನಿಗೆ ಮುಳುಗಿದ್ದೇ ಆರಾಮ ಆಯ್ತಂತೆ," ಎಂದಿದ್ದನಂತೆ. ಆಮೇಲೆ ಯಾರೂ ಅವನನ್ನು ದೋಣಿ ಹತ್ತಿಸಲಿಲ್ಲ, ಅವನನ್ನು ಊರಿಂದಾಚೆ ಸಾಗಿಸಿದ ದೋಣಿಯೊಂದನ್ನು ಬಿಟ್ಟು.

"ಸಿಟೀಲಿ ಸತ್ತವರೆಲ್ಲ ಒಟ್ಟಿಗೇ ಮಾತಾಡ್ತಾರೆ. ದ್ವೀಪಕ್ಕೆ ಹೋದ್ರೆ ಅವಳದ್ದು ಕೇಳಿಸಬಹುದು," ಎಂದಿದ್ದ.

ಮರೀನಾ ಸೌತ್ ಪಿಯರ್‌ನಲ್ಲಿ ದ್ವೀಪದ ದೋಣಿಗೆ ಮೂರು ಟಿಕೆಟ್ ಕೇಳಿದೆ. "ಟೂ ಪರ್ಸನ್ ಓನ್ಲಿ, ಲಾ," ಎಂದಳು ಕೌಂಟರಿನ ಹುಡುಗಿ. ಅರ್ಧ ಗಂಟೆಯ ದಾರಿ. ಮೋಡ, ಸೆಕೆ, ಡೀಸೆಲ್ ವಾಸನೆ.

ದ್ವೀಪದಲ್ಲಿ ಅಂಗಡಿಯಿಲ್ಲ. ಬೆಂಚಿನ ಮೇಲೆ ಪುಳಿಯೋಗರೆ ಡಬ್ಬಿ ಬಿಚ್ಚಿದೆ. ಫಿಂಟನ್ ಕಿವಿಗೊಟ್ಟು ಕೇಳಿ, ತನಗೆ ಬಾರದ ಭಾಷೆಯ ಸದ್ದುಗಳನ್ನು ಒಂದೊಂದಾಗಿ ಹೊರಹಾಕಿದ: "ಛಾಪ್ಲೀ... ಯಾರ್ಗ್... ಕಾಟೆ?"

ಕೈಲಿದ್ದ ತುತ್ತು ಬಿತ್ತು. ಚಪ್ಲಿ ಯಾರ್ಗ್ ಕೊಟ್ಟೆ! ಅವಳ ಹೊಸ ಚಪ್ಪಲಿಗಳನ್ನು ಅವಳು ಸತ್ತ ಮೂರನೇ ದಿನವೇ, ಬೇಕಾದವರು ಒಯ್ಯಲಿ ಎಂದು, ನಮ್ಮ ಬ್ಲಾಕಿನ ಕೆಳಗಿನ ವಾಯ್ಡ್ ಡೆಕ್‌ನಲ್ಲಿ ಇಟ್ಟುಬಂದಿದ್ದೆ. ಅದು ಯಾರಿಗೂ ಗೊತ್ತಿರಲಿಲ್ಲ.

ನಾನು ಕೇಳಬೇಕೆಂದು ಬಂದದ್ದು ಬೇರೆ. ಅವತ್ತು ಅವಳು ಹೊಟ್ಟೆನೋವು ಎಂದಾಗ, "ಡ್ರಾಮಾ ಮಾಡ್ಬೇಡ ಸುಮಿ, ಆಫೀಸ್ ಕಾಲ್‌ನಲ್ಲಿದೀನಿ," ಎಂದು ಬಾಗಿಲು ಹಾಕಿಕೊಂಡಿದ್ದೆ. ಎರಡು ಗಂಟೆ ಬಿಟ್ಟು ಆಂಬುಲೆನ್ಸ್ ಕರೆಸಿದೆ. ದಾರಿಯಲ್ಲೇ ಹೋದಳು.

"ನನ್ನ ಕ್ಷಮಿಸಿದೀಯಾ, ಸುಮಿ?" ಖಾಲಿ ಬೆಂಚನ್ನು ಕೇಳಿದೆ.

"ಏನೂ ಹೇಳ್ತಿಲ್ಲ," ಎಂದ ಫಿಂಟನ್. "ಅಲ್ಲಿ ಮಲಗಿರೋ ಬೆಕ್ಕನ್ನ ನೋಡ್ತಿದಾಳೆ."

"ಒಂದು ಸುಳ್ಳಾದ್ರೂ ಹೇಳೋಕಾಗಲ್ವಾ ನಿನಗೆ?"

"ಅದು ಬಂದಿದ್ರೆ ನಾನಿನ್ನೂ ನಮ್ಮೂರಲ್ಲೇ ಇರ್ತಿದ್ದೆ."

ಮಧ್ಯಾಹ್ನದ ಕೊನೆಯ ದೋಣಿ ಹತ್ತಿದೆವು. ಹಗ್ಗ ಬಿಚ್ಚಿದ ಮೇಲೆ ಅವನು ತಲೆ ತಗ್ಗಿಸಿ, "ಅವಳು ಹತ್ತಲಿಲ್ಲ," ಎಂದ.

ತಂಗಿ ಅಲ್ಲೇ ಉಳಿದಳು, ನಿಲ್ಲಿಸಿ ಎಂದು ಕೂಗಿಕೊಂಡೆ. ದೋಣಿಯವನು ತಲೆ ಎಣಿಸಿ, ಎಲ್ಲರೂ ಇದ್ದಾರಲ್ಲ ಎಂದ.

"ಕೈ ಬೀಸ್ತಿದಾಳಾ?"

"ಇಲ್ಲ. ಬೆನ್ನು ಹಾಕಿ ಕೂತಿದಾಳೆ."

ಆದರೂ ಕೈ ಬೀಸಿದೆ. ಜೆಟ್ಟಿಯ ತುದಿಯಲ್ಲಿ ಮೀನು ಹಿಡಿಯುತ್ತಿದ್ದ ಮುದುಕನೊಬ್ಬ ತನಗೇ ಎಂದುಕೊಂಡ. ಗಾಳ ಕೆಳಗಿಟ್ಟು, ದೋಣಿ ಮರೆಯಾಗುವ ತನಕ ಎರಡೂ ಕೈ ಬೀಸುತ್ತ ನಿಂತ.