ತೊಳೆದು ಕೊಟ್ಟ ಹಾರ್ಡ್ ಡಿಸ್ಕ್

ಆಗ ನಮ್ಮ ಮೂರು ಮನೆಗಳಿಗೂ ಸೇರಿ ಇದ್ದದ್ದು ಒಂದೇ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್. ಕಂಪ್ಯೂಟರ್ ಮಾತ್ರ ಮನೆಗೊಂದು: ನಂಜನಗೂಡಿನಲ್ಲಿ ನನ್ನದು, ತಿ. ನರಸೀಪುರದಲ್ಲಿ ಅಕ್ಕನದು, ಬನ್ನೂರಿನಲ್ಲಿ ನಾದಿನಿಯದು. ಟವೆಲ್ ಸುತ್ತಿಕೊಂಡ ಡಿಸ್ಕ್, ಚಕ್ಕುಲಿ ಡಬ್ಬಿಯ ಪಕ್ಕ ಕುಳಿತು ಬಸ್ಸಿನಲ್ಲಿ ಓಡಾಡುತ್ತಿತ್ತು. ಒಬ್ಬೊಬ್ಬರಿಗೆ ಒಂದೊಂದು ಫೋಲ್ಡರ್. ಇನ್ನೊಬ್ಬರದನ್ನು ತೆರೆಯಕೂಡದು ಎಂಬ ರೂಲ್ ನನ್ನದೇ. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಮ್ಯಾನರ್ಸ್ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ನನ್ನ ಫೋಲ್ಡರಿಗೆ ‘ಪ್ರೈವೇಟ್’ ಎಂದೇ ಹೆಸರಿಟ್ಟಿದ್ದೆ.

ಅದರಲ್ಲಿದ್ದದ್ದು ಅಮ್ಮನ ಫೋಟೋಗಳು. ಆಲ್ಬಂ ಗೆದ್ದಲಿನ ಪಾಲಾಗಿತ್ತು. ಮೊದಲೇ ಸ್ಕ್ಯಾನ್ ಮಾಡಿಸಿದ್ದಷ್ಟೇ ಉಳಿದಿತ್ತು. ನನ್ನ ಹಳೇ ಕಂಪ್ಯೂಟರಿನಲ್ಲಿ ಜಾಗವಿಲ್ಲದೆ ಎಲ್ಲವನ್ನೂ ಡಿಸ್ಕಿಗೇ ಹಾಕಿಸಿದ್ದೆ. ಕ್ಯಾಮೆರಾ ಕಂಡರೆ ಬಿಗಿದುಕೊಳ್ಳುತ್ತಿದ್ದ ಅಮ್ಮ, ಕಪಿಲಾ ನದಿಯ ಮೆಟ್ಟಿಲ ಮೇಲೆ ಯಾರ ಮಾತಿಗೋ ಬಾಯ್ತುಂಬ ನಕ್ಕ ಫೋಟೋ ಒಂದೇ ಒಂದು. ಅದೂ ಅಲ್ಲೇ ಇತ್ತು.

ಒಮ್ಮೆ ಬನ್ನೂರಿನಿಂದ ಬಂದ ಡಿಸ್ಕನ್ನು ಸಿಕ್ಕಿಸಿದರೆ ಮೂರೂ ಫೋಲ್ಡರ್ ಮಾಯ! ಒಂದು ವಿಡಿಯೋ ಮಾತ್ರ ಇದೆ. ನಾದಿನಿಗೆ ಫೋನ್ ಮಾಡಿದೆ.

“ಇಸ್ಕೊಂಡಿದ್ ಪಾತ್ರೆನ ತೊಳೀದೆ ಕೊಡಕ್ಕಾಯ್ತದಾ ಅತ್ಗೆಮ್ಮ? ನೀವೆಲ್ಲಾ ನಿಮ್ ನಿಮ್ಮನೇಲಿ ತುಂಬ್ಕೊಂಡಿರ್ತೀರ ಅಂತ, ಎಲ್ಲಾ ಡಿಲೀಟ್ ಮಾಡಿ ಪಳಪಳ ಅನ್ಸಿವ್ನಿ. ಬರೀದೂ ಕೊಡಬಾರ್ದು ಅಂತ ನಮ್ಮನೆ ಗೃಹಪ್ರವೇಶದ ವಿಡಿಯೋ ಹಾಕಿವ್ನಿ. ನೋಡುದ್ರಾ?”

ಬೈಯಲೆಂದು ಬಾಯಿ ತೆರೆದರೆ ಬಂದದ್ದು “ಥ್ಯಾಂಕ್ ಯೂ”. ಆ ಸಿಸ್ಟರ್‌ಗಳನ್ನು ಏನನ್ನಲಿ!

ಅಳುತ್ತಲೇ ಅಕ್ಕನಿಗೆ ಫೋನ್ ಮಾಡಿದೆ. ಅವಳು ಕೆಮ್ಮಿದಳು.

“ಬೈಯಲ್ಲ ಅಂದ್ರೆ ಒಂದ್ ಮಾತ್ ಹೇಳ್ತೀನಿ ಕಣೇ. ಪ್ರೈವೇಟ್ ಅಂತ ಬರ್ದಿದ್ಯಲ್ಲ, ಅದೇನಪ್ಪಾ ಅಂಥಾ ಗುಟ್ಟು ಅಂತ ಆವತ್ತೇ ತೆಗ್ದ್ ನೋಡ್ದೆ. ಎಲ್ಲಾ ಕಾಪಿ ಮಾಡ್ಕೊಂಡಿದ್ದೀನಿ.”

“ಅಕ್ಕಾ! ಬ್ಯಾಡ್ ಮ್ಯಾನರ್ಸ್!”

“ಹೂಂ. ಈಗ ಬೇಕೋ, ಬೇಡ್ವೋ?”

ಡಿಸ್ಕ್ ಹಿಡಿದು, ಸಿಕ್ಕ ಬಸ್ಸು ಹತ್ತಿ ನರಸೀಪುರಕ್ಕೆ ಹೋದೆ. ಅಕ್ಕ ಮೆಟ್ಟಿಲ ಮೇಲಿನ ಆ ಫೋಟೋವನ್ನೇ ವಾಲ್‌ಪೇಪರ್ ಮಾಡಿದ್ದಳು. ಕಡ್ಡಿಯಂತಿದ್ದ ಅಮ್ಮ ಮಾನಿಟರಿನ ಈ ತುದಿಯಿಂದ ಆ ತುದಿಗೆ ಹಿಗ್ಗಿ, ಕೆನ್ನೆಯ ಮೇಲೊಂದು ರೀಸೈಕಲ್ ಬಿನ್ ಇಟ್ಟುಕೊಂಡು ನಗುತ್ತಿದ್ದಳು.

“ಅಮ್ಮ ಇಷ್ಟ್ ದಪ್ಪ ಯಾವಾಗಿದ್ಲೇ?” ಎಂದೆ.

“ಇರ್ಲಿ ಬಿಡು,” ಎಂದಳು ಅಕ್ಕ, ಸೆರಗಿನಿಂದ ಸ್ಕ್ರೀನ್ ಒರೆಸುತ್ತ. “ನಮ್ಗೆಲ್ಲಾ ಬಡಿಸಿ, ತಾನು ಯಾವತ್ತು ಹೊಟ್ಟೆ ತುಂಬಾ ಉಂಡಿದ್ಲು?”

ಕಾಪಿ ಮುಗಿದ ಮೇಲೂ ನಾವಿಬ್ಬರೂ ಅಲ್ಲೇ ಕುಳಿತಿದ್ದೆವು.