ಅದು ಕಟ್ಟೆಯಲ್ಲ, ಸ್ಟ್ಯಾಂಡು

ನನ್ನ ಅರಳಿ ಮರ ಒಂದು ಮೊಳ ಎತ್ತರವಿದೆ. ಕುಂಡದ ಸಮೇತ ಎತ್ತಿದರೆ ಒಂದು ಬಿಂದಿಗೆ ನೀರಿನಷ್ಟು ಭಾರ. ಬಳ್ಳಾರಿಯ ಬಿಸಿಲಿನಲ್ಲಿ ಅದು ಸಾಯದೆ ನಿಲ್ಲಲಿ ಅಂತ ಒಂದು ಸ್ಟ್ಯಾಂಡು ಮಾಡಿಸಲು ಹೊರಟೆ. ಮೂರಂತಸ್ತಿನ ಮನೆ ಕಟ್ಟಿಸಿದವರೂ ನಾನು ಕೇಳಿದಷ್ಟು ಮಾತು ಕೇಳಿರಲಾರರು.

ಮೊದಲು ಮರದ ಸಮಾಚಾರ. ಸಿರುಗುಪ್ಪದಲ್ಲಿ ನನ್ನ ತವರಿನವರದು ಒಂದು ಹಳೆಯ ಅಕ್ಕಿ ಗಿರಣಿ ಇತ್ತು. ಅದರ ಗೋಡೆಯ ಬಿರುಕಿನಲ್ಲಿ ಅರಳಿ ಸಸಿಯೊಂದು ಹುಟ್ಟಿ ಗೋಡೆಯನ್ನು ಸೀಳುತ್ತಿತ್ತು. ಕೀಳಬೇಕು ಎಂದು ಎಲ್ಲರಿಗೂ ಗೊತ್ತು, ಕೀಳಲು ಮಾತ್ರ ಯಾರೂ ತಯಾರಿಲ್ಲ. ಅರಳಿ ಕಿತ್ತರೆ ಪಾಪವಂತೆ. ಹಮಾಲರು ಒಲ್ಲೆ ಅಂದರು, ಅಣ್ಣ ಮೋಡ ನೋಡುತ್ತಾ ನಿಂತ. ಕಡೆಗೆ ನಾನೇ ಏಣಿ ಹತ್ತಿ, ಸ್ಕ್ರೂಡ್ರೈವರಿನಿಂದ ಗಾರೆ ಕೆರೆದು, ಬೇರಿನ ಸಮೇತ ಬಿಡಿಸಿಕೊಂಡೆ. ಏಣಿಯ ಮೇಲೆ ನನಗೆ ಪಾಪದ ಚಿಂತೆ ಇರಲಿಲ್ಲ. ಬಿದ್ದು ಸೊಂಟ ಮುರಿದರೆ ಶಾಲೆಯಲ್ಲಿ ಹತ್ತನೇ ಕ್ಲಾಸಿನ ಗಣಿತ ಯಾರು ಮುಗಿಸುತ್ತಾರೆ ಎನ್ನುವ ಚಿಂತೆ ಇತ್ತು. ಚಿಂತೆ ಮಾಡುವುದಕ್ಕೆ ಸಂಬಳ ಕೊಡುವುದಿದ್ದರೆ ನಾನು ಯಾವತ್ತೋ ಹೆಡ್‌ಮೇಡಂ ಆಗಿರುತ್ತಿದ್ದೆ.

ಸಸಿ ಸತ್ಯನಾರಾಯಣಪೇಟೆಯ ನಮ್ಮ ಮನೆಯ ಮಾಳಿಗೆ ಸೇರಿತು. ಕುಂಡದಲ್ಲೇ ಗಿಡ್ಡ ಮರವಾಗಿಸುವ ಬೋನ್ಸಾಯ್ ಹುಚ್ಚಿಗೆ ವರ್ಷ ವರ್ಷ ಬೇರು ಕತ್ತರಿಸಿದೆ, ಕೊಂಬೆಗೆ ತಂತಿ ಸುತ್ತಿ ಬಗ್ಗಿಸಿದೆ, ಎಲೆ ಸವರಿದೆ. ಅದರ ಜೊತೆಗೆ ಒಂದು ಹುಣಸೆ, ಒಂದು ಜಾಲಿ. ಮೂರನ್ನೂ ಸಾಕುತ್ತಾ ಐವತ್ತು ದಾಟಿದೆ.

ನಮ್ಮ ಮನೆಯವರ ಅಕ್ಕ ಗಾಂಧಿನಗರದಲ್ಲಿದ್ದಾರೆ. ಪ್ರತಿ ಶನಿವಾರ ಗುಡಿಗೆ ಹೋಗಿ, ಅಲ್ಲಿಂದ ನೇರ ನಮ್ಮ ಮನೆಗೆ ಕಾಫಿಗೆ ಬರುತ್ತಾರೆ. ದೇವರ ಹತ್ತಿರ ಹೇಳಿ ಉಳಿದದ್ದನ್ನು ನನ್ನ ಹತ್ತಿರ ಹೇಳುತ್ತಾರೆ.

"ಬೆಳಿಯೋ ಗಿಡಾನ ಮುರುಟಿಸಿ ಇಟ್ಟೀಯಲ್ಲವ್ವಾ, ಈ ಮನಿಯಾಗ ಏನರ ಬೆಳೀತೈತೇನು?"

"ನನ್ನ ತೂಕ ಬೆಳ್ಯಾಕ ಹತ್ತೈತಲ್ರಿ ಅಕ್ಕಾ."

"ಚ್ಯಾಷ್ಟಿ ಬ್ಯಾಡ. ಕೆಂಚನಗುಡ್ಡಕ್ಕ ಒಯ್ದು ಹೊಳಿ ದಂಡಿಗೆ ನೆಟ್ಟು ಬಾ. ಅದರ ಪಾಡಿಗೆ ಅದು ದೊಡ್ಡದಾಗ್ಲಿ."

ನಮ್ಮ ಮನೆಯವರು ಆಗ ಪೇಪರನ್ನು ಮುಖದ ಎತ್ತರಕ್ಕೆ ಎತ್ತಿಕೊಳ್ಳುತ್ತಿದ್ದರು. ಅಕ್ಕನ ಎದುರು ಅವರಿಗೆ ಆ ಪೇಪರೇ ಕೋಟೆ.

ಸ್ಟ್ಯಾಂಡಿನ ವಿಷಯದಲ್ಲಿ ಮೊದಲು ಎಡವಿದ್ದು ನಾನೇ. ನಮ್ಮೂರಲ್ಲಿ ಏನು ಮಾಡಿಸಬೇಕಾದರೂ ಕಾಲು ತಾನಾಗಿ ವೆಲ್ಡಿಂಗ್ ಅಂಗಡಿಗೆ ಹೋಗುತ್ತದೆ. ಗೇಟು, ಕಿಟಕಿ, ಮಂಚ, ಎಲ್ಲ ಕಬ್ಬಿಣ. ನಾನೂ ಮೆಟ್ಟಿಲು ಮೆಟ್ಟಿಲಾಗಿ ಒಂದು ಸ್ಟ್ಯಾಂಡು ಮಾಡಿಸಿ, ಚಂದ ಕಾಣಲಿ ಅಂತ ಕಪ್ಪು ಬಣ್ಣ ಬಳಿಸಿ ಮಾಳಿಗೆಯ ಮೇಲಿಟ್ಟೆ. ಬೇಸಿಗೆ ಬಂದಾಗ ಅದರ ಮೇಲೆ ರೊಟ್ಟಿ ಉಬ್ಬಿಸಬಹುದಿತ್ತು. ಕಬ್ಬಿಣದ ಕಾವು ಕುಂಡಕ್ಕೆ, ಕುಂಡದ ಕಾವು ಮಣ್ಣಿಗೆ. ನಾನು ಹಾಕಿದ ನೀರೇ ಒಳಗೆ ಬಿಸಿಯಾಗಿ ಬೇರು ಬೆಂದವು. ಹುಣಸೆ ಹೋಯಿತು, ಜಾಲಿ ಹೋಯಿತು. ಬಿಸಿಲಿಗೆ ಹುಟ್ಟಿದ ಜಾಲಿಯನ್ನೇ ಬಿಸಿಲಲ್ಲಿ ಸಾಯಿಸಿದ ಮಹಾತಾಯಿ ನಾನು. ಅರಳಿ ಎಲೆಯನ್ನೆಲ್ಲ ಉದುರಿಸಿ ನಿಂತಿತು. ಕುಂಡದಿಂದ ಬಿಡಿಸಿ ನೋಡಿದರೆ ಅರ್ಧ ಬೇರು ಕೊಳೆತು ಮೆತ್ತಗಾಗಿತ್ತು. ಕೊಳೆತದ್ದನ್ನು ಕತ್ತರಿಸಿ, ಹೊಸ ಮಣ್ಣು ಹಾಕಿ, ಮಳೆಗಾಲ ಚಳಿಗಾಲ ಹೇಗೋ ಉಳಿಸಿಕೊಂಡೆ. ಆದರೆ ಉಳಿದರ್ಧ ಬೇರಿನ ಮೇಲೆ ಅದು ಇನ್ನೊಂದು ಬೇಸಿಗೆಯನ್ನು ಮಾಳಿಗೆಯಲ್ಲಿ ಕಳೆಯುವುದು ಸಾಧ್ಯವಿರಲಿಲ್ಲ.

ಮನೆಯಲ್ಲಿ ಅದಕ್ಕೆ ತಕ್ಕ ಜಾಗ ಒಂದೇ. ಮುಂದಿನ ಅಂಗಳದಲ್ಲಿ, ಗೇಟಿನ ಪಕ್ಕದ ಬೇವಿನ ಮರದ ಕೆಳಗೆ. ಅಲ್ಲಿ ಬೆಳಗಿನ ಬಿಸಿಲು ಬೀಳುತ್ತದೆ, ನಡುಮಧ್ಯಾಹ್ನ ನೆರಳಿರುತ್ತದೆ.

"ಮನಿ ಮುಂದನಾ?" ಅಂದರು ನಮ್ಮ ಮನೆಯವರು. "ಅಕ್ಕ ಏನಂತಾಳೋ."

"ಮಾಳಿಗಿ ಮ್ಯಾಲಿದ್ರೂ ಅಂತಾರ, ಕೆಳಗಿದ್ರೂ ಅಂತಾರ. ಹೆಂಗಿದ್ರೂ ಅನ್ನಿಸಿಕೊಳ್ಳೋದ ಆದ್ರ ಗಿಡ ನೆರಳಾಗ ಇದ್ದು ಅನ್ನಿಸಿಕೊಳ್ಳಲಿ."

ಒಂದು ಭಾನುವಾರ ಸೀಮೆಸುಣ್ಣದ ಕಡ್ಡಿ ಹಿಡಿದು, ಬೇವಿನ ನೆರಳು ಸರಿದಂತೆಲ್ಲ ನೆಲದ ಮೇಲೆ ಗೆರೆ ಎಳೆದೆ. ಮನೆಯವರು ಬಾಗಿಲಲ್ಲಿ ನಿಂತು ನೋಡಿದರು.

"ನೆರಳಿಗೂ ಪರೀಕ್ಷೆ ಇಟ್ಟೀಯೇನು?"

"ಹೂಂ. ನಿಮ್ಮಂಗ ಕಾಪಿ ಹೊಡಿಯಂಗಿಲ್ಲ ಅದು."

ಕಾಲಿಗೆ ಕಲ್ಲು, ಮೇಲೆ ಕಟ್ಟಿಗೆ ಎಂದು ತೀರ್ಮಾನಿಸಿದೆ. ಕಲ್ಲಿಗೆ ಗೆದ್ದಲು ಹತ್ತುವುದಿಲ್ಲ, ಕಟ್ಟಿಗೆ ಕಬ್ಬಿಣದಂತೆ ಕಾಯುವುದಿಲ್ಲ. ಎತ್ತರ ನನ್ನ ಎದೆಯ ಮಟ್ಟಕ್ಕೆ. ಇಂಥ ಗಿಡವನ್ನು ಕಣ್ಣಿನ ನೇರಕ್ಕಿಟ್ಟು ನೋಡಬೇಕು, ಆಗ ಅದು ಮರ. ಮೇಲಿನಿಂದ ಬಗ್ಗಿ ನೋಡಿದರೆ ಕೊತ್ತಂಬರಿ ಕಟ್ಟು.

ಕಲ್ಲಿಗೆ ಕುರುಗೋಡಿಗೆ ಹೋದೆ. ರಸ್ತೆ ಬದಿಯಲ್ಲಿ ಹೊಲದ ಬೇಲಿಗೆ ನಿಲ್ಲಿಸುವ ಕಲ್ಲಿನ ಕಂಬಗಳನ್ನು ಸಾಲಾಗಿ ಒರಗಿಸಿದ್ದರು. ನನಗೆ ಬೇಕಾದದ್ದು ಗಿಡ್ಡ ಕಂಬಗಳು, ನಾಲ್ಕು. ಅಂಗಡಿಯಾತ ನಾನು ಬರೆದೊಯ್ದ ಸ್ಟ್ಯಾಂಡಿನ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, ದನಿ ತಗ್ಗಿಸಿ ಕೇಳಿದ.

"ಯಾರು ಹೋದ್ರಮ್ಮಾ?"

"ಯಾರೂ ಹೋಗಿಲ್ರಿ. ಗಿಡಕ್ಕ."

"ಗಿಡಕ್ಕ ಗುಂಡಿ ತೋಡ್ತಾರ್ರಿ. ಇದು ಸಮಾಧಿ ಅಳತಿ ಐತಿ. ಗಿಡ ಏನರ ಸತ್ತೈತೇನು?"

"ಇನ್ನೂ ಇಲ್ರಿ. ಅದಕ್ಕ ಅವಸರ."

ಆತ ಪೂರ್ತಿ ನಂಬಲಿಲ್ಲ. ಲಗೇಜ್ ಆಟೊಗೆ ಕಂಬ ಏರಿಸುವಾಗ, "ಧೈರ್ಯ ತಗೋರಿ ಅಮ್ಮಾ" ಅಂತ ಹೇಳಿ ಕಳಿಸಿದ. ದಾರಿಯುದ್ದಕ್ಕೂ ಅದನ್ನೇ ಅಪಶಕುನ ಎಂದು ಚಿಂತಿಸಿದೆ.

ಕಟ್ಟಿಗೆ ಸಿರುಗುಪ್ಪದಿಂದ ಬಂತು. ಗಿರಣಿ ಕೆಡವಿದಾಗ ಅಣ್ಣ ಎತ್ತಿಟ್ಟಿದ್ದ ಸಾಗವಾನಿ ತೊಲೆಯೊಂದಿತ್ತು. ಬಡಗಿ ಅದನ್ನು ಉದ್ದುದ್ದ ಪಟ್ಟಿಗಳಾಗಿ ಸೀಳಿ ರೀಪು ಮಾಡಿಕೊಟ್ಟ. ಅವಕ್ಕೆ ನಾನೇ ಅಗಸೆ ಎಣ್ಣೆ ತಿಕ್ಕಿದೆ. ರೀಪು ರೀಪಿನ ನಡುವೆ ಒಂದು ಬೆರಳು ಸಂದು ಬಿಟ್ಟೆ, ಕುಂಡದ ತಳಕ್ಕೆ ಗಾಳಿ ಸಿಗಲಿ, ಹೆಚ್ಚಾದ ನೀರು ಕೆಳಗೆ ಸುರಿಯಲಿ ಅಂತ. ಕಲ್ಲಿಗೂ ಕಟ್ಟಿಗೆಗೂ ಮಧ್ಯೆ ಹಳೆಯ ಸೈಕಲ್ ಟ್ಯೂಬಿನ ತುಂಡು. ಆಷಾಢದ ಗಾಳಿಗೆ ಉರುಳದ ಹಾಗೆ ಕುಂಡವನ್ನು ರೀಪಿಗೆ ತಂತಿಯಿಂದ ಬಿಗಿದೆ. ಅರಳಿಯನ್ನು ಮಾಳಿಗೆಯಿಂದ ಇಳಿಸಿ ಅದರ ಮೇಲೆ ಕೂಡಿಸಿದಾಗ, ಹೇಳಬಾರದು, ನನಗೇ ದೃಷ್ಟಿಯಾಗುವಷ್ಟು ಚಂದ ಇತ್ತು. ಹೊಸ ಚಿಗುರು ತಾಮ್ರದ ಬಣ್ಣದಲ್ಲಿ ಹೊರಟಿತು.

ಆ ವಾರವೇ ಕಲ್ಲಿನ ಕಾಲಿನ ಮೇಲೆ ಕುಂಕುಮ ಕಂಡಿತು.

ಯಾರದೋ ಕೈ ತಾಗಿರಬೇಕು ಎಂದು ಒರೆಸಿದೆ. ಮರುದಿನ ಅರಿಶಿಣವೂ ಬಂತು. ಅದರ ಮರುದಿನ ಅರಳಿಗೂ ಬೇವಿಗೂ ಸೇರಿಸಿ ಹಳದಿ ದಾರ. ಆಗ ನಾನು ರಸ್ತೆಗೆ ಹೋಗಿ, ದಾರಿಹೋಕಳ ಹಾಗೆ ನಿಂತು ನನ್ನ ಮನೆಯ ಕಡೆ ನೋಡಿದೆ. ಬೇವು. ಅದರ ಮಗ್ಗುಲಲ್ಲಿ ಅರಳಿ. ಕೆಳಗೆ ಕಲ್ಲು. ನಮ್ಮ ಕಡೆ ಬೇವು ಅರಳಿ ಜೊತೆಗೆ ನಿಂತರೆ ಗಂಡ ಹೆಂಡತಿ. ಅವುಗಳ ಸುತ್ತ ಕಲ್ಲು ಬಿದ್ದರೆ ಕಟ್ಟೆ. ಕಟ್ಟೆ ಇದ್ದ ಮೇಲೆ ಸುತ್ತು ಹಾಕುವುದು, ನೀರೆರೆಯುವುದು. ಇದು ನಮ್ಮ ಓಣಿಯ ಮೂರು ವರ್ಷದ ಕೂಸಿಗೂ ಗೊತ್ತು. ನೆರಳಿನ ಕೋನ ಲೆಕ್ಕ ಹಾಕಿದ ಗಣಿತದ ಮೇಡಂಗೆ ಮಾತ್ರ ಹೊಳೆದಿರಲಿಲ್ಲ.

ಸುತ್ತು ಹಾಕಿದರೆ ಹಾಕಲಿ, ನನ್ನದೇನು ಹೋಗುತ್ತದೆ. ಆದರೆ ನೀರು ಹಾಲಾಯಿತು. ಊಟದ ತಟ್ಟೆಯಗಲದ ಕುಂಡಕ್ಕೆ ಒಬ್ಬೊಬ್ಬರದೂ ಒಂದೊಂದು ತಂಬಿಗೆ. ಮಣ್ಣು ಹುಳಿ ವಾಸನೆ ಹೊಡೆಯಿತು, ಇರುವೆ ಮುತ್ತಿದವು. ಸದಾ ತೊಯ್ದ ಮಣ್ಣಿನಲ್ಲಿ ಉಳಿದರ್ಧ ಬೇರೂ ಕೊಳೆಯುವುದಕ್ಕೆ ಎಷ್ಟು ಹೊತ್ತು? ತಾಮ್ರದ ಚಿಗುರಿನ ತುದಿ ಕಪ್ಪಾಗತೊಡಗಿತು. ಬಿಸಿಲಿನಿಂದ ತಪ್ಪಿಸಿ ತಂದ ಮರ ಭಕ್ತಿಗೆ ಸಿಕ್ಕಿ ಸಾಯುವುದರಲ್ಲಿತ್ತು. "ದಯವಿಟ್ಟು ಹಾಲು ಹಾಕಬೇಡಿ" ಅಂತ ಬರೆದು ತೂಗುಹಾಕಿದೆ. ಮರುದಿನ ಮಜ್ಜಿಗೆ ಹಾಕಿದ್ದರು.

ಮುಂದಿನ ಶನಿವಾರ ನಮ್ಮ ಮನೆಯವರ ಅಕ್ಕ ಬಂದರು. ನಡುವೆ ಕೆಲವು ವಾರ ಮಗಳ ಊರಿನಲ್ಲಿದ್ದರಾದ್ದರಿಂದ ಸ್ಟ್ಯಾಂಡನ್ನು ಅವರು ನೋಡುವುದು ಅದೇ ಮೊದಲು. ಬೈಗುಳಕ್ಕೆ ನಾನು ಸಿದ್ಧಳಾಗಿದ್ದೆ. ಅವರನ್ನು ನೋಡಿದರೆ ಕೈಯಲ್ಲಿ ತಂಬಿಗೆ, ಕಣ್ಣಲ್ಲಿ ನೀರು.

"ಎಂಥಾ ಕಟ್ಟಿ ಕಟ್ಟಿಸೀಯವ್ವಾ! ಓಣಿ ಮಂದೆಲ್ಲಾ ಹೇಳಾಕತ್ತಾರ."

"ಅದು ಕಟ್ಟೆ ಅಲ್ರಿ ಅಕ್ಕಾ, ಸ್ಟ್ಯಾಂಡು."

"ಏನರ ಅನ್ನು."

"ಮಾಳಿಗಿ ಮ್ಯಾಲಿದ್ದಾಗ ಮುರುಟಿದ ಗಿಡ ಅಂತಿದ್ರಿ. ಮೆಟ್ಟಿಲಿಳಿದು ಬಂದ ಕೂಡ್ಲೆ ದೇವರಾತೇನು?"

"ಬೇವಿನ ಮಗ್ಗಲಿಗೆ ಬಂದೈತಲ್ಲ! ಈಗ ಅದು ಸಂಸಾರಸ್ಥ. ಆ ತಂತಿ ಬಿಚ್ಚು ಮೊದ್ಲು. ಇನ್ಮ್ಯಾಲೆ ಅದಕ್ಕ ಕತ್ತರಿ ಹಚ್ಚಿದ್ರ ನೋಡು ಮತ್ತ."

ಅವರು ತಂಬಿಗೆ ಎತ್ತಿದರು. ಅವರ ಹಿಂದೆ ಓಣಿಯ ಹೆಂಗಸರು ತಮ್ಮ ತಮ್ಮ ತಂಬಿಗೆ ಹಿಡಿದು ನಿಂತಿದ್ದರು. ನಮ್ಮ ಮನೆಯವರು ಪೇಪರು ಬಿಟ್ಟು, ಒರೆಸಿದ ಗಾಡಿಯನ್ನೇ ಮತ್ತೆ ಒರೆಸತೊಡಗಿದ್ದರು. ನಾನು ಒಳಗೆ ಹೋಗಿ ಕತ್ತರಿ ತಂದೆ. ಬೀಪಿ ಮಾತ್ರೆ ನುಂಗಿದ್ದೇನೋ ಇಲ್ಲವೋ ಎಂದು ಆ ಹೊತ್ತಿನಲ್ಲೂ ಯೋಚಿಸಿದೆ.

ಮೊದಲು ಹಳದಿ ದಾರ ಕತ್ತರಿಸಿದೆ. ಕುಂಡದ ತಂತಿ ಬಿಚ್ಚಿ, ಕುಂಡ ವಾಲಿಸಿ, ನಿಂತಿದ್ದ ಹಾಲು ಮಜ್ಜಿಗೆಯನ್ನೆಲ್ಲ ನೆಲಕ್ಕೆ ಬಸಿದೆ. ವಾಸನೆಗೆ ಮುಂದೆ ನಿಂತವರು ಸೆರಗು ಮೂಗಿಗೆ ಹಿಡಿದರು. ಆಮೇಲೆ ಕಪ್ಪಾದ ಚಿಗುರನ್ನು ಒಂದೊಂದಾಗಿ ಕತ್ತರಿಸಿದೆ. ಕಚಕ್ ಎಂದಾಗಲೆಲ್ಲ ಯಾರೋ ಒಬ್ಬರು "ಅಯ್ಯ" ಅನ್ನುತ್ತಿದ್ದರು.

"ಶನಿವಾರ! ಅರಳಿ ಸುತ್ತೋ ದಿನ!" ಅಂದರು ಅಕ್ಕ.

"ಶನಿವಾರಾನೂ ಅದಕ್ಕ ಉಸಿರು ಬೇಕ್ರಿ ಅಕ್ಕಾ. ಸುತ್ತೋರು ಸುತ್ರಿ. ಕೈ ಮುಗಿಯೋರು ಮುಗೀರಿ. ನೀರು ಬೇವಿಗೆ ಹಾಕ್ರಿ, ಅದು ಎಷ್ಟು ಹಾಕಿದ್ರೂ ಕುಡೀತೈತಿ. ಈ ಕುಂಡದಾಗ ನನ್ನ ಕೈ ಬಿಟ್ಟು ಇನ್ನೊಬ್ಬರ ಕೈಯಿಂದ ಒಂದು ಹನಿ ಬಿದ್ರೂ ನಾ ಸುಮ್ನಿರಂಗಿಲ್ಲ."

"ಪಾಪ ಸುತ್ತಿಕೊಂತೈತಿ."

"ಸುತ್ತಿಕೊಳ್ಳಲಿ ಬಿಡ್ರಿ. ಅದಕ್ಕೂ ತಂತಿ ಹಾಕಿ ಬಗ್ಗಸ್ತೀನಿ."

ಹಿಂದಿನಿಂದ ಒಬ್ಬಾಕೆ ಕಿಸಕ್ಕನೆ ನಕ್ಕಳು. ಅಕ್ಕ ತಿರುಗಿ ನೋಡಿದ ಮೇಲೆ ಅದು ಕೆಮ್ಮಾಯಿತು. ಅಕ್ಕ ತಂಬಿಗೆಯನ್ನು ಬೇವಿನ ಬುಡಕ್ಕೆ ಧಡಕ್ಕನೆ ಸುರಿದು, ಕಾಫಿಯನ್ನೂ ಕುಡಿಯದೆ ಹೊರಟುಹೋದರು. ನಮ್ಮ ಮನೆಯವರು ಅವರನ್ನು ಗಾಡಿಯ ಮೇಲೆ ಬಿಟ್ಟು ಬಂದು, "ಏನಲೇ, ಎದಿ ಐತಿ ನಿನಗ" ಅಂದರು. ಅದು ಹೊಗಳಿಕೆಯೋ ಬೈಗುಳವೋ ಎಂದು ನಾನು ಕೇಳಲಿಲ್ಲ. ಆ ದಿನವಿಡೀ ಹಾಲಿನವ ತಡಮಾಡಿದರೂ, ಕರೆಂಟು ಹೋದರೂ, ಸೀನು ಬಂದರೂ ಪಾಪವೇ ಬಂತು ಎಂದು ಬೆಚ್ಚಿದೆ. ಬೆಚ್ಚುತ್ತಲೇ ಸಂಜೆ ಹೊಸ ಮಣ್ಣು ತುಂಬಿದೆ.

ಮೇ ತಿಂಗಳು ಬಂತು, ಹೋಯಿತು. ರಸ್ತೆಯ ಟಾರು ಚಪ್ಪಲಿಗೆ ಅಂಟುವ ಮಧ್ಯಾಹ್ನಗಳಲ್ಲಿ ನಾನು ಎದ್ದು ಹೋಗಿ ಕುಂಡದ ತಳ ಮುಟ್ಟಿ ನೋಡುತ್ತಿದ್ದೆ. ತಂಪಾಗಿರುತ್ತಿತ್ತು. ಮರ ಬದುಕಿತು. ಕತ್ತರಿಸಿದ ಕಡೆಯೆಲ್ಲ ಎಲೆ ಬಂದಿದೆ, ಹೆಬ್ಬೆರಳಿನ ಉಗುರಿನಷ್ಟು ಚಿಕ್ಕವು, ತುದಿಯ ಬಾಲ ಸಮೇತ.

ಅಕ್ಕ ಈಗ ಮತ್ತೆ ಬರುತ್ತಾರೆ. ಸ್ಟ್ಯಾಂಡಿಗೆ ಬೆನ್ನು ಮಾಡಿ ಕೂತು ಕಾಫಿ ಕುಡಿಯುತ್ತಾರೆ. ಹೊರಗೆ ಕತ್ತರಿಯ ಸದ್ದಾದಾಗ ಲೋಟವನ್ನು ಬೇಕೆಂದೇ ಕುಕ್ಕಿ ಇಡುತ್ತಾರೆ. ಎಲೆ ಸವರುವುದಕ್ಕೆ ಸೋಮವಾರವೂ ಇದೆ, ಬುಧವಾರವೂ ಇದೆ, ನನಗೆ ಗೊತ್ತು. ನಾನು ಶನಿವಾರ ಬೆಳಿಗ್ಗೆಯೇ ಸವರುತ್ತೇನೆ.